ಗೆರೆ ದಾಟಿದರೂ ಹೊಸ್ತಿಲು ದಾಟದ ಮಕ್ಕಳು

ಪ್ರತಿವರ್ಷ ನೀಟ್ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ನಮ್ಮ ಆರೋಗ್ಯ ಕೇಂದ್ರದ ಜಗಲಿಯ ಮೇಲೆ ರೋಗಿಗಳಿಗಿಂತ ಹೆಚ್ಚಾಗಿ ಪಾಲಕರೇ ಕುಳಿತಿರುತ್ತಾರೆ. ಕೈಯಲ್ಲಿ ಮೊಬೈಲಿನಿಂದ ಅಚ್ಚು ಹಾಕಿಸಿದ ಅಂಕಪಟ್ಟಿ. ಮುಖದಲ್ಲಿ ಸಂತೋಷವೋ ಆತಂಕವೋ ಎಂದು ಹೇಳಲಾಗದ ಒಂದು ಭಾವ. ಎಂ.ಬಿ.ಬಿ.ಎಸ್. ದೊರೆಯುವಷ್ಟು ಅಂಕ ಬಾರದಿದ್ದವರು ಆಯುರ್ವೇದ, ಹೋಮಿಯೋಪತಿ, ಯುನಾನಿ ಪದವಿಗಳ ವಿಚಾರ ಕೇಳಲು ಬರುತ್ತಾರೆ. ಆಯುರ್ವೇದವನ್ನೇ ಓದಬೇಕೆಂದು ಮನಸ್ಸು ಮಾಡಿ ಬರುವ ಮಕ್ಕಳೂ ಈಚೆಗೆ ಕಡಿಮೆಯಿಲ್ಲ.

2025ರ ಜೂನ್ ತಿಂಗಳಲ್ಲಿ ಒಂದೇ ವಾರದಲ್ಲಿ ನಮ್ಮ ಬಳಿ ಬಂದ ಇಬ್ಬರು ತಂದೆಯರ ಮಾತಿನಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಬಂದವರು ಎಪಿಎಂಸಿ ಅಂಗಳದಲ್ಲಿ ಚೀಲ ಹೊರುವ ಹಮಾಲರು. ಪರಿಶಿಷ್ಟ ಜಾತಿಗೆ ಸೇರಿದವರು. ಅವರ ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವ ವಿಜ್ಞಾನ ಮುಗಿಸಿ, ಯಾವ ಕೋಚಿಂಗ್ ಕೇಂದ್ರದ ಮೆಟ್ಟಿಲನ್ನೂ ಹತ್ತದೆ ನೀಟ್ ಬರೆದು 121 ಅಂಕ ಗಳಿಸಿದ್ದಳು. "ಪಾಸಾಗ್ಯಾಳ್ರೀ ಸರ. ಇನ್ನ ಡಾಕ್ಟರ್ ಆದಂಗ ಅಲ್ರೀ?" ಎಂದು ಅವರು ಕೇಳಿದಾಗ ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ ನಾವು ಕೆಲವು ಕ್ಷಣ ಸುಮ್ಮನಾದೆವು.

ಎರಡನೆಯವರು ಸ್ಥಿತಿವಂತರು, ಮಠಕ್ಕೆ ನಡೆದುಕೊಳ್ಳುವ ಭಕ್ತರು. ಅವರ ಮಗನಿಗೆ ಬಂದದ್ದು 118 ಅಂಕ. ಮಾತಿನ ನಡುವೆ ಅವರು ನಿಟ್ಟುಸಿರು ಬಿಟ್ಟು, "ಮೀಸಲಾತಿಯವರಿಗೆ 113 ಬಂದರ ಸಾಕಂತ್ರೀ. ಅಂಥವರ ಕೈಯಾಗ ನಾಳೆ ನಾವು ನಾಡಿ ಕೊಡಬೇಕೇನ್ರೀ?" ಎಂದರು. ಅವರ ಕೈಯಲ್ಲಿದ್ದ ಕಡತದಲ್ಲಿ, ಎಲ್ಲಕ್ಕಿಂತ ಮೇಲೆ, ಮಗನ 3-ಬಿ ಪ್ರವರ್ಗದ ಪ್ರಮಾಣಪತ್ರವಿತ್ತು.

ವರ್ಷ ಮುಗಿಯುವ ಹೊತ್ತಿಗೆ ಆ ಹುಡುಗ ಖಾಸಗಿ ಕಾಲೇಜೊಂದರಲ್ಲಿ ಬಿ.ಎ.ಎಂ.ಎಸ್. ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದನು. ಅವನಿಗಿಂತ ಮೂರು ಅಂಕ ಹೆಚ್ಚು ಪಡೆದ ಹುಡುಗಿ ಮನೆಯಲ್ಲಿದ್ದಳು. ಇದು ಹೇಗಾಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಮೀಸಲಾತಿಯ ಅಂಕಮಿತಿಯನ್ನು ಕುರಿತು ಜನ ಆಡುವ ಮಾತಿಗೂ ವಾಸ್ತವಕ್ಕೂ ಇರುವ ಅಂತರ ಈ ಒಂದು ಸಂಗತಿಯಲ್ಲೇ ಅಡಗಿದೆ.

ಗೆರೆ ಎಂದರೇನು?

ಆಯುರ್ವೇದ, ಹೋಮಿಯೋಪತಿ, ಯುನಾನಿ, ಸಿದ್ಧ ಪದವಿಗಳಿಗೆ ಸೇರಬಯಸುವವರು ನೀಟ್ ಪರೀಕ್ಷೆಯಲ್ಲಿ ಒಂದು ಕನಿಷ್ಠ ಪರ್ಸೆಂಟೈಲ್ ಪಡೆದಿರಬೇಕು. ಭಾರತೀಯ ವೈದ್ಯಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಮತ್ತು ಹೋಮಿಯೋಪತಿ ರಾಷ್ಟ್ರೀಯ ಆಯೋಗದ ಕಾಯಿದೆ, ಇವೆರಡೂ 2020ರಲ್ಲಿ ಬಂದವು. ಏಕರೂಪದ ಪ್ರವೇಶ ಪರೀಕ್ಷೆಗೆ ಇವು ಆಧಾರವಾಗಿವೆ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ 40ನೇ ಪರ್ಸೆಂಟೈಲ್. ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳಲ್ಲಿಯೂ ಸಾಮಾನ್ಯ ವರ್ಗದವರಿಗೆ ಶೇಕಡ 50, ಮೀಸಲು ವರ್ಗದವರಿಗೆ ಶೇಕಡ 40 ಅಂಕ ಬೇಕು.

ಇಲ್ಲಿ ಬಹುಮಂದಿ ಎಡವುವ ಸ್ಥಳವೊಂದಿದೆ. ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ. ಪರೀಕ್ಷೆ ಬರೆದವರನ್ನೆಲ್ಲ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಒಬ್ಬ ವಿದ್ಯಾರ್ಥಿಯ ಹಿಂದೆ ನೂರಕ್ಕೆ ಎಷ್ಟು ಮಂದಿ ನಿಂತಿದ್ದಾರೆ ಎಂಬುದೇ ಪರ್ಸೆಂಟೈಲ್. 50ನೇ ಪರ್ಸೆಂಟೈಲ್ ಪಡೆದವನು ಸಾಲಿನ ನಡುವೆ ನಿಂತವನು. ಅವನಿಗೆ ಅರ್ಧದಷ್ಟು ಅಂಕ ಬಂದಿದೆಯೆಂದು ಅರ್ಥವಲ್ಲ. 2025ರಲ್ಲಿ ಒಟ್ಟು 720 ಅಂಕಗಳಿಗೆ ಸಾಮಾನ್ಯ ವರ್ಗದ ಅರ್ಹತಾ ಗೆರೆ 144ರಲ್ಲಿ ನಿಂತಿತು, ಎಂದರೆ ಸರಿಯಾಗಿ ಶೇಕಡ 20. ಮೀಸಲು ವರ್ಗಗಳ ಗೆರೆ 113ರಲ್ಲಿ ನಿಂತಿತು. ಗೆರೆಯು ವರ್ಷದಿಂದ ವರ್ಷಕ್ಕೆ ಪ್ರಶ್ನೆಪತ್ರಿಕೆಯ ಬಿಗಿಯನ್ನು ಅನುಸರಿಸಿ ಏರಿಳಿಯುತ್ತದೆ: 2022ರಲ್ಲಿ 117 ಮತ್ತು 93 ಇದ್ದದ್ದು 2023ರಲ್ಲಿ 137 ಮತ್ತು 107 ಆಯಿತು.

2025ರ ಎರಡು ಗೆರೆಗಳ ನಡುವಿನ ಅಂತರ 31 ಅಂಕ. ಸರಿಯುತ್ತರವೊಂದಕ್ಕೆ 4 ಅಂಕದಂತೆ ಲೆಕ್ಕ ಹಾಕಿದರೆ ಇದು 180 ಪ್ರಶ್ನೆಗಳಲ್ಲಿ ಎಂಟು ಪ್ರಶ್ನೆಗಳ ಅಂತರ. ಭೌತಶಾಸ್ತ್ರದ ಪಾಠ ಹೇಳಲು ವರ್ಷದ ಅರ್ಧಭಾಗ ಉಪನ್ಯಾಸಕರೇ ಇಲ್ಲದ ಕಾಲೇಜಿನಲ್ಲಿ ಓದಿದ ಮಗುವಿಗೂ, ಎರಡು ವರ್ಷ ಹಗಲಿರುಳು ಕೋಚಿಂಗ್ ಪಡೆದ ಮಗುವಿಗೂ ನಡುವೆ ಸಮಾಜವು ಒಪ್ಪಿಕೊಂಡಿರುವ ರಿಯಾಯಿತಿ ಇಷ್ಟೇ.

ಅಂಕಿಗಳು ಹೇಳುವುದೇನು?

"ಮೀಸಲಾತಿಯವರೆಲ್ಲ ಕಡಿಮೆ ಅಂಕದಲ್ಲೇ ಬರುತ್ತಾರೆ" ಎಂಬ ಮಾತನ್ನು ನಾವು ಸಭೆಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಕೆಲವೊಮ್ಮೆ ವೈದ್ಯರ ಬಾಯಿಂದಲೂ ಕೇಳುತ್ತೇವೆ. 2025ರ ಫಲಿತಾಂಶದೊಂದಿಗೆ ಪ್ರಕಟವಾದ ಅಂಕಿ ಅಂಶಗಳನ್ನು ಓದುಗರು ಸಾವಧಾನದಿಂದ ನೋಡಬೇಕೆಂದು ಕೋರುತ್ತೇವೆ.

ಆ ವರ್ಷ ಪರೀಕ್ಷೆ ಬರೆದವರು 22,09,318 ಮಂದಿ. ಅರ್ಹರಾದವರು 12,36,531 ಮಂದಿ. ಇವರಲ್ಲಿ 113ರಿಂದ 143 ಅಂಕಗಳ ನಡುವೆ ಇದ್ದು ರಿಯಾಯಿತಿಯ ಬಲದಿಂದ ಅರ್ಹರಾದವರು ಹಿಂದುಳಿದ ವರ್ಗಗಳ 88,692, ಪರಿಶಿಷ್ಟ ಜಾತಿಯ 31,995 ಮತ್ತು ಪರಿಶಿಷ್ಟ ಪಂಗಡದ 13,940 ಮಂದಿ. ಒಟ್ಟುಗೂಡಿಸಿದರೆ 1,34,627, ಅರ್ಹರಾದ ಪ್ರತಿ ನೂರು ಮಂದಿಯಲ್ಲಿ ಸುಮಾರು ಹನ್ನೊಂದು ಮಂದಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಪರಿಶಿಷ್ಟ ಜಾತಿಯವರಲ್ಲಿ ಅರ್ಹರಾದ ಒಟ್ಟು ಮಂದಿ 1,68,873. ಅವರಲ್ಲಿ ರಿಯಾಯಿತಿ ಬೇಕಾದವರು 31,995 ಮಾತ್ರ. ಪ್ರತಿ ಐವರಲ್ಲಿ ನಾಲ್ವರು ಸಾಮಾನ್ಯ ವರ್ಗದ ಗೆರೆಯನ್ನೇ ದಾಟಿ ಬಂದವರು. ಪರಿಶಿಷ್ಟ ಪಂಗಡದ 67,234 ಮಂದಿಯ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಒಂದು ಇಡೀ ಸಮುದಾಯದ ಮಕ್ಕಳನ್ನು "ಕಡಿಮೆ ಅಂಕದವರು" ಎಂದು ಕರೆಯುವಾಗ ನಾವು ಆ ಐವರಲ್ಲಿ ನಾಲ್ವರಿಗೆ ನೇರವಾದ ಅನ್ಯಾಯ ಮಾಡುತ್ತಿದ್ದೇವೆ.

ಉಳಿದ ಒಬ್ಬನ ವಿಚಾರವನ್ನೂ ಮುಚ್ಚಿಡದೆ ಹೇಳಬೇಕು. 720ಕ್ಕೆ 113 ಎಂದರೆ ಶೇಕಡ 16ಕ್ಕಿಂತ ಕಡಿಮೆ. ಇದು ಹೆಮ್ಮೆಪಡುವ ಅಂಕವಲ್ಲ. 144 ಕೂಡ ಅಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಆದರೆ ಅರ್ಹತಾ ಗೆರೆಯು ಸೀಟನ್ನು ಕೊಡುವುದಿಲ್ಲ. ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುವ ಅವಕಾಶವನ್ನಷ್ಟೇ ಕೊಡುತ್ತದೆ. ಸರ್ಕಾರಿ ಆಯುರ್ವೇದ ಕಾಲೇಜುಗಳಲ್ಲಿ ಮೀಸಲು ವರ್ಗದ ಕೊನೆಯ ಸೀಟು ಮುಗಿಯುವ ಅಂಕವು ಈ ಗೆರೆಗಿಂತ ಬಹಳ ಮೇಲಿರುತ್ತದೆ. ಹಮಾಲರ ಮಗಳು 121 ಅಂಕ ಹಿಡಿದುಕೊಂಡು ಬೆಂಗಳೂರು, ಮೈಸೂರು, ಬಳ್ಳಾರಿ, ಶಿವಮೊಗ್ಗದ ಸರ್ಕಾರಿ ಕಾಲೇಜುಗಳ ಕನಸು ಕಾಣುವಂತಿರಲಿಲ್ಲ. ಪತ್ರಿಕೆಗಳಲ್ಲಿ ಬರುವ "ಕಟ್-ಆಫ್" ಎಂಬ ಒಂದೇ ಪದವು ಅರ್ಹತೆಯ ಗೆರೆಯನ್ನೂ ಸೀಟು ಮುಗಿಯುವ ಗೆರೆಯನ್ನೂ ಸೂಚಿಸುವುದರಿಂದ, ಬಡ ಪಾಲಕರು ಮೊದಲನೆಯದನ್ನು ಎರಡನೆಯದೆಂದು ತಿಳಿದು ಮೋಸಹೋಗುತ್ತಾರೆ. ಉಳ್ಳವರು ಮೊದಲನೆಯದನ್ನು ಎರಡನೆಯದೆಂದು ತಿಳಿದು ಹಳಿಯುತ್ತಾರೆ.

ಒಳಗೆ ಹೋದ ಮೇಲೆ ರಿಯಾಯಿತಿ ಇಲ್ಲವೆಂಬುದನ್ನೂ ನೆನಪಿಡಬೇಕು. ನಾಲ್ಕೂವರೆ ವರ್ಷಗಳ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್ ಎಲ್ಲರಿಗೂ ಒಂದೇ. ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳಲ್ಲಿ ತೇರ್ಗಡೆಗೆ ಬೇಕಾದ ಶೇಕಡ 50 ಅಂಕವೂ ಜಾತಿ ಕೇಳುವುದಿಲ್ಲ. ವೃತ್ತಿ ಪರವಾನಗಿಗಾಗಿ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯನ್ನು ನಡೆಸಲು 2020ರ ಕಾಯಿದೆಯು ಅವಕಾಶ ಕಲ್ಪಿಸಿದೆ. ಅದೂ ಎಲ್ಲರಿಗೂ ಸಮಾನವಾದದ್ದೇ. ನಮ್ಮ ನಾಡಿ ಹಿಡಿಯುವ ಕೈ ಪ್ರವೇಶದ ಗೆರೆಯಿಂದಲ್ಲ, ಈ ನಿರ್ಗಮನದ ಗೆರೆಯಿಂದ ಅಧಿಕಾರ ಪಡೆದದ್ದು.

ಯಾರ ಕಡತದಲ್ಲಿ ರಿಯಾಯಿತಿ?

ಇಲ್ಲಿ ನಮ್ಮ ಓದುಗರಲ್ಲಿ ಅನೇಕರಿಗೆ ಅಪ್ರಿಯವಾಗಬಹುದಾದ ಒಂದು ಮಾತನ್ನು ಹೇಳಬೇಕಾಗಿದೆ. ಕರ್ನಾಟಕದ ರಾಜ್ಯ ಕೋಟಾದಲ್ಲಿ 40ನೇ ಪರ್ಸೆಂಟೈಲಿನ ಸೌಲಭ್ಯವು ಪರಿಶಿಷ್ಟರಿಗೆ ಮಾತ್ರ ಇರುವುದಲ್ಲ. ಪ್ರವರ್ಗ-1, 2-ಎ, 2-ಬಿ, 3-ಎ, 3-ಬಿ ಇವರೆಲ್ಲರಿಗೂ ಇದೆ. ವೀರಶೈವ-ಲಿಂಗಾಯತರು ಇರುವುದು 3-ಬಿಯಲ್ಲಿ. 118 ಅಂಕ ಪಡೆದ ಆ ಭಕ್ತರ ಮಗನಿಗೆ 3-ಬಿ ಪ್ರಮಾಣಪತ್ರ ಇಲ್ಲದಿದ್ದರೆ, 144ರ ಗೆರೆಯ ಕೆಳಗೆ ನಿಂತ ಅವನಿಗೆ, ತಂದೆ ಎಷ್ಟೇ ಶುಲ್ಕ ಕಟ್ಟಲು ಸಿದ್ಧರಿದ್ದರೂ, ಸೀಟು ಸಿಗುತ್ತಿರಲಿಲ್ಲ. ಯಾವ ರಿಯಾಯಿತಿಯನ್ನು ಅವರು ಹಳಿಯುತ್ತಿದ್ದರೋ ಅದೇ ರಿಯಾಯಿತಿ ಅವರ ಮಗನನ್ನು ಒಳಗೆ ಕರೆದುಕೊಂಡಿತು.

ಇದನ್ನು ಅವರ ಅವಹೇಳನಕ್ಕಾಗಿ ಬರೆಯುತ್ತಿಲ್ಲ. ನಾವು ಇದನ್ನು ಅವರಿಗೇ ನೇರವಾಗಿ, ಸೌಜನ್ಯದಿಂದ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಖರೇ ಐತ್ರೀ" ಎಂದು ಒಪ್ಪಿಕೊಂಡರು. ಆ ದೊಡ್ಡತನವನ್ನು ನಾವು ಗೌರವಿಸುತ್ತೇವೆ.

ಇತಿಹಾಸವನ್ನೂ ಸ್ವಲ್ಪ ಸ್ಮರಿಸುವುದು ಒಳಿತು. ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಆರಂಭವಾದದ್ದು 1908ರಲ್ಲಿ. ಅದಾದ ಒಂದು ದಶಕದೊಳಗೆ, 1917ರಲ್ಲಿ, ಒಕ್ಕಲಿಗ, ಲಿಂಗಾಯತ, ಮುಸಲ್ಮಾನ ಸಮುದಾಯಗಳ ಮುಖಂಡರು ಕೂಡಿ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿ, ವಿದ್ಯೆ ಮತ್ತು ಉದ್ಯೋಗಗಳಲ್ಲಿ ತಮಗೂ ಪಾಲು ಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಬಿನ್ನವಿಸಿಕೊಂಡರು. 1918ರ ಮಿಲ್ಲರ್ ಸಮಿತಿ ಅದರ ಫಲ. 1962ರಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಶೇಕಡ 68ರಷ್ಟು ಸೀಟುಗಳನ್ನು ಮೀಸಲಿಟ್ಟಾಗ ಹುಟ್ಟಿದ್ದೇ ಬಾಲಾಜಿ ಮೊಕದ್ದಮೆ. ಮೀಸಲಾತಿಯು ಸಾಮಾನ್ಯವಾಗಿ ಶೇಕಡ 50ಕ್ಕಿಂತ ಕಡಿಮೆ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಹೇಳಿದ್ದು ನಮ್ಮ ನಾಡಿನ ಈ ಕಾಲೇಜು ಸೀಟುಗಳ ವಿಚಾರದಲ್ಲಿಯೇ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಬಾಗಿಲು ತಟ್ಟಿದರು, ಬಾಗಿಲು ತೆರೆಯಿತು. ಒಳಗೆ ಬಂದವರು, ಹಿಂದೆ ಬರುವವರನ್ನು ಕಂಡು ಬಾಗಿಲು ಮುಂದೂಡುವುದು ಧರ್ಮವಾಗಲಾರದು.

ಗೆರೆಯ ಆಚೆಗಿನ ಹೊಸ್ತಿಲುಗಳು

ಹುಡುಗಿ ಹೊರಗುಳಿದದ್ದು ಅಂಕದ ಗೆರೆಯಿಂದಲ್ಲ. ಮೊದಲ ಸುತ್ತುಗಳಲ್ಲಿ ಅವಳ ರ‍್ಯಾಂಕಿಗೆ ಏನೂ ದೊರೆಯಲಿಲ್ಲ, ಅದು ನಿರೀಕ್ಷಿತವೇ. ಕೊನೆಯ ಸುತ್ತಿನಲ್ಲಿ ದೂರದ ಜಿಲ್ಲೆಯ ಖಾಸಗಿ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಹಂಚಿಕೆಯಾಯಿತು. ಮೂಲ ದಾಖಲೆಗಳೊಂದಿಗೆ ಹಾಜರಾಗಲು ಇದ್ದ ದಿನಗಳು ಕೆಲವೇ. ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದು ಬಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ತಿದ್ದುಪಡಿಗೆ ಕಚೇರಿಗೆ ಅಲೆದು, ಸಾಹೇಬರು ಇಲ್ಲ, ಸರ್ವರ್ ಇಲ್ಲ ಎಂಬ ಉತ್ತರಗಳನ್ನು ಕೇಳಿ, ಹಮಾಲಿಯ ಎರಡು ದಿನದ ಕೂಲಿ ಕಳೆದುಕೊಂಡು, ಕೊನೆಗೆ ಕಾಗದ ಸರಿಯಾದಾಗ ಗಡುವು ಮುಗಿದು ಒಂದು ದಿನವಾಗಿತ್ತು. ಶುಲ್ಕ ವಿನಾಯಿತಿಯ ಸೌಲಭ್ಯ ಸರ್ಕಾರದಿಂದ ಇದ್ದರೂ, ಹಾಸ್ಟೆಲ್, ಪುಸ್ತಕ, ಪ್ರಯಾಣಕ್ಕೆ ಬೇಕಾದ ಹಣವನ್ನು ಅವರು ಬಡ್ಡಿಗೆ ತಂದಿಟ್ಟಿದ್ದರು. ಸೀಟು ಹೋಯಿತು, ಬಡ್ಡಿ ಮಾತ್ರ ಉಳಿಯಿತು.

ಆ ದಿನ ನಾವು ಏನು ಮಾಡುತ್ತಿದ್ದೆವು ಎಂದು ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ಜೂನ್ ತಿಂಗಳಲ್ಲಿ ಅವರು ನಮ್ಮ ಮುಂದೆ ಕುಳಿತಾಗಲೇ ಕಾಗದಗಳನ್ನು ತೆಗೆಸಿ ನೋಡಬಹುದಿತ್ತು. ಧೈರ್ಯದ ಮಾತು ಹೇಳಿ ಕಳುಹಿಸಿದೆವು, ಕಾಗದ ನೋಡಲಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಕಾಲೇಜಿಗೆ ಸೇರಿದವರ ಮುಂದೆಯೂ ಒಂದು ಹೊಸ್ತಿಲಿದೆ. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬಿ.ಎ.ಎಂ.ಎಸ್. ಮೊದಲ ವರ್ಷದಲ್ಲೇ ಸಂಸ್ಕೃತವಿದೆ, ಸಂಹಿತೆಗಳ ಅಧ್ಯಯನವಿದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಸಂಸ್ಕೃತದ ಒಂದು ಶಬ್ದರೂಪವನ್ನೂ ಕೇಳದೆ ಬಂದ ಮಗುವಿನ ಮುಂದೆ ವಾಗ್ಭಟನ ಶ್ಲೋಕಗಳು ಬಂದು ನಿಲ್ಲುತ್ತವೆ. ಜೊತೆಗೇ ಇಂಗ್ಲಿಷಿನಲ್ಲಿ ಶರೀರರಚನೆ, ಶರೀರಕ್ರಿಯೆ. ಎರಡು ಅಪರಿಚಿತ ಭಾಷೆಗಳ ನಡುವೆ ಸಿಕ್ಕಿದ ಮಗು ಮೊದಲ ವರ್ಷ ಅನುತ್ತೀರ್ಣವಾದರೆ, "ಕಡಿಮೆ ಅಂಕದವರು ಹೀಗೆಯೇ" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಬುದ್ಧಿಯ ಕೊರತೆಯನ್ನೂ ಭಾಷೆಯ ಕೊರತೆಯನ್ನೂ ಬೇರೆಮಾಡಿ ನೋಡದಿರುವುದು, ರೋಗದ ಲಕ್ಷಣವನ್ನೇ ರೋಗವೆಂದು ತಿಳಿದು ಔಷಧ ಕೊಟ್ಟಂತೆ.

ಗೆರೆಯನ್ನು ಇಳಿಸುವ ಬೇಡಿಕೆ ಯಾರದು?

ಸೀಟುಗಳು ಖಾಲಿ ಉಳಿದಾಗಲೆಲ್ಲ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಇಳಿಸಬೇಕೆಂಬ ಕೂಗು ಏಳುತ್ತದೆ. ಪಂಜಾಬಿನ ಖಾಸಗಿ ಆಯುರ್ವೇದ ಕಾಲೇಜುಗಳ ಒಕ್ಕೂಟವು ಕನಿಷ್ಠ ಪರ್ಸೆಂಟೈಲಿನ ನಿಯಮವನ್ನೇ ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರೂ ರೋಗಿಗಳಿಗೆ ಚಿಕಿತ್ಸೆ ನೀಡುವವರೇ ಆದ್ದರಿಂದ ಶಿಕ್ಷಣದ ಕನಿಷ್ಠ ಮಟ್ಟವನ್ನು ಬಿಟ್ಟುಕೊಡಲಾಗದೆಂಬುದು ಆ ತೀರ್ಪಿನ ಸಾರ. ಆದರೂ ಅನಂತರದ ವರ್ಷಗಳಲ್ಲಿ ಸೀಟು ಉಳಿದಾಗ ಕೇಂದ್ರ ಸರ್ಕಾರವೇ ಮಿತಿಯನ್ನು ಸಡಿಲಿಸಿದ್ದುಂಟು.

ಈ ಸಡಿಲಿಕೆಯನ್ನು ಮೀಸಲು ವರ್ಗದ ಮಕ್ಕಳಿಗೆ ಮಾಡಿದ ಉಪಕಾರವೆಂದು ಬಣ್ಣಿಸುವುದನ್ನು ನಾವು ಒಪ್ಪುವುದಿಲ್ಲ. ಖಾಲಿ ಉಳಿಯುವುದು ಹೆಚ್ಚಾಗಿ ದುಬಾರಿ ಶುಲ್ಕದ ಖಾಸಗಿ ಸೀಟುಗಳು. ಅಂಕವಿದ್ದೂ ಹಣವಿಲ್ಲದವರು ಹೊರಗೆ ನಿಂತಿರುವಾಗ, ಹಣವಿದ್ದು ಅಂಕವಿಲ್ಲದವರಿಗಾಗಿ ಗೆರೆಯನ್ನು ಕೆಳಗೆ ಎಳೆಯಲಾಗುತ್ತದೆ. ಆಡಳಿತ ಮಂಡಳಿಯ ಸೀಟಿಗೆ ಅರ್ಹತೆಯ ಗೆರೆಯೊಂದನ್ನು ದಾಟಿದರೆ ಸಾಕು, ಉಳಿದದ್ದನ್ನು ಶುಲ್ಕ ನೋಡಿಕೊಳ್ಳುತ್ತದೆ. ಇದೂ ಒಂದು ಮೀಸಲಾತಿಯೇ; ಹಣದ ಮೀಸಲಾತಿ. ಪ್ರತಿಭೆಯ ಪರವಾಗಿ ಮಾತನಾಡುವವರು ಈ ಮೀಸಲಾತಿಯ ಬಗ್ಗೆ ಮೌನವಾಗಿರುವುದು ನಮಗೆ ಆಶ್ಚರ್ಯ ತರುತ್ತದೆ.

ಆದ್ದರಿಂದ ನಮ್ಮ ನಿಲುವು ಹೀಗಿದೆ. ಮೀಸಲು ವರ್ಗಗಳಿಗೆ ನಿಯಮದಲ್ಲಿರುವ ಹತ್ತು ಪರ್ಸೆಂಟೈಲಿನ ರಿಯಾಯಿತಿ ನ್ಯಾಯಯುತವಾದದ್ದು, ಅದು ಉಳಿಯಬೇಕು. ಖಾಲಿ ಸೀಟು ತುಂಬಿಸಲು ಎಲ್ಲರಿಗೂ ಗೆರೆ ಇಳಿಸುವುದು ಸಲ್ಲದು. ಸೀಟು ಉಳಿದರೆ ಇಳಿಯಬೇಕಾದದ್ದು ಅಂಕವಲ್ಲ, ಶುಲ್ಕ. ಈಗಾಗಲೇ ಅರ್ಹರಾಗಿದ್ದೂ ಹಣ, ಕಾಗದ, ದೂರ ಎಂಬ ಕಾರಣಗಳಿಂದ ಹೊರಗುಳಿದವರನ್ನು ಮೊದಲು ಕರೆಯಬೇಕು. ಅವರೆಲ್ಲ ಬಂದ ಮೇಲೂ ಸೀಟು ಉಳಿದರೆ ಖಾಲಿಯಾಗಿಯೇ ಉಳಿಯಲಿ.

ಯಾರ ಮನೆಯ ವಿದ್ಯೆ?

ನಾಡಿನ ಗಿಡಮೂಲಿಕೆಯ ವಿದ್ಯೆ ಎಲ್ಲಿಂದ ಬಂದಿತು ಎಂಬುದನ್ನೂ ಯೋಚಿಸಬೇಕು. ಗ್ರಂಥಗಳಲ್ಲಿ ಇದ್ದದ್ದು ಒಂದು ಪಾಲು. ಗುಡ್ಡ, ಹೊಲ, ಹಟ್ಟಿಗಳಲ್ಲಿ ಕೈಯಿಂದ ಕೈಗೆ ಬಂದದ್ದು ಇನ್ನೊಂದು ಪಾಲು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ದೇಶವು ಅವರಿಗೆ ಪದ್ಮಶ್ರೀ ನೀಡಿ ತನ್ನನ್ನು ಗೌರವಿಸಿಕೊಂಡಿತು. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆ ಕಾಡಿನ ನೂರಾರು ಗಿಡಗಳ ಗುಣ ಬಲ್ಲವರಾಗಿದ್ದರು. ಎಲುಬು ಕಟ್ಟುವವರು, ಹಾವಿನ ಕಡಿತಕ್ಕೆ ಮದ್ದು ಕೊಡುವವರು, ಬಾಣಂತಿಯ ಮದ್ದು ಅರೆಯುವವರು ನಮ್ಮ ಹಳ್ಳಿಗಳಲ್ಲಿ ಯಾವ ಕೇರಿಯವರಾಗಿದ್ದರೆಂದು ಹಿರಿಯರನ್ನು ಕೇಳಿ ನೋಡಿ. ಆ ಮದ್ದುಗಳಲ್ಲಿ ಪರೀಕ್ಷೆಗೆ ನಿಲ್ಲದವೂ ಇವೆ. ಹಾವು ಕಡಿದವರನ್ನು ಇಂದು ತಡಮಾಡದೆ ಆಸ್ಪತ್ರೆಗೇ ಒಯ್ಯಬೇಕು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕೆಂದು ವಿವೇಚಿಸಬಲ್ಲವರು ಆ ಕೇರಿಯಲ್ಲೇ ಹುಟ್ಟಿ ಶಾಸ್ತ್ರವನ್ನೂ ಓದಿದವರು. ಅಂಥವರ ಮೊಮ್ಮಕ್ಕಳು ಪದವಿಯ ಬಾಗಿಲಿಗೆ ಬಂದಾಗ ಅವರನ್ನು ದಾನ ಬೇಡಲು ಬಂದವರಂತೆ ಕಾಣುವುದು ಕೃತಘ್ನತೆ.

ಆರೋಗ್ಯದ ದೃಷ್ಟಿಯಿಂದಲೂ ಇದು ಮುಖ್ಯ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅನಂತರ ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಯುಷ್ ವೈದ್ಯರು ಸೇವೆ ಸಲ್ಲಿಸುತ್ತಿದ್ದಾರೆ. ಕೂಲಿಕಾರ ತಾಯಿಯೊಬ್ಬಳು ತನ್ನ ನೋವನ್ನು ನಾಚದೆ ಹೇಳಿಕೊಳ್ಳುವುದು ತನ್ನ ಮಾತು, ತನ್ನ ಊಟ, ತನ್ನ ಬಡತನ ತಿಳಿದ ವೈದ್ಯರ ಮುಂದೆ. ಮಜ್ಜಿಗೆ ಸಿಗದ ಮನೆಯವಳಿಗೆ ತುಪ್ಪದ ಪಥ್ಯ ಹೇಳಬಾರದೆಂಬ ವಿವೇಕವನ್ನು ಯಾವ ಪ್ರವೇಶ ಪರೀಕ್ಷೆಯೂ ಅಳೆಯುವುದಿಲ್ಲ.

ನಮ್ಮ ಅಂಗಳದಿಂದಲೇ

ಸರ್ಕಾರಕ್ಕೆ ಉಪದೇಶ ಮಾಡುವ ಮೊದಲು ನಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕು. ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಸಂಸ್ಥೆ, ಕೊಪ್ಪಳದಲ್ಲಿ ಗವಿಮಠದ ವಿದ್ಯಾಸಂಸ್ಥೆ ಆಯುರ್ವೇದ ಕಾಲೇಜುಗಳನ್ನು ನಡೆಸುತ್ತಿವೆ; ನಾಡಿನ ಇನ್ನೂ ಹಲವು ಮಠಗಳು, ಸಂಘಸಂಸ್ಥೆಗಳು ಈ ಕ್ಷೇತ್ರದಲ್ಲಿವೆ. ಜಾತಿ ಕೇಳದೆ ಅನ್ನವಿಕ್ಕಿದ ಉಚಿತ ಪ್ರಸಾದ ನಿಲಯಗಳ ಪರಂಪರೆ ಮಠಗಳ ದೊಡ್ಡ ಆಸ್ತಿ. ಆ ಪರಂಪರೆಯನ್ನು ಕಾಲೇಜಿನ ಪ್ರವೇಶದ ಮೇಜಿನವರೆಗೂ ತರಬೇಕೆಂಬುದು ನಮ್ಮ ವಿನಂತಿ. ಇದಕ್ಕಾಗಿ ಮೂರು ಸಲಹೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು: ಮಠಗಳು ನಡೆಸುವ ಪ್ರತಿಯೊಂದು ಆಯುಷ್ ಕಾಲೇಜೂ ಆಡಳಿತ ಮಂಡಳಿಯ ಸೀಟುಗಳಲ್ಲಿ ಕೆಲವನ್ನಾದರೂ, ಅರ್ಹತೆಯಿದ್ದೂ ಹಣವಿಲ್ಲದ ಮಕ್ಕಳಿಗೆ ಸರ್ಕಾರಿ ಕೋಟಾದ ಶುಲ್ಕದಲ್ಲಿ ಕೊಡಲಿ, ಅವರಿಗೆ ವಸತಿ, ಪ್ರಸಾದ ಉಚಿತವಾಗಿರಲಿ. ಎರಡನೆಯದು: ಪ್ರವೇಶ ಮುಗಿದು ತರಗತಿ ಆರಂಭವಾಗುವ ಮೊದಲು, ಕನ್ನಡದ ಮೂಲಕವೇ ಸಂಸ್ಕೃತದ ಮೂಲಪಾಠವನ್ನೂ ವಿಜ್ಞಾನದ ಇಂಗ್ಲಿಷ್ ಪದಗಳನ್ನೂ ಹೇಳಿಕೊಡುವ ಸೇತುಬಂಧ ತರಗತಿಗಳು ನಡೆಯಲಿ, ಮೊದಲ ವರ್ಷದುದ್ದಕ್ಕೂ ಸಂಜೆಯ ಪಾಠ ಮುಂದುವರಿಯಲಿ. ಇದು ಮೀಸಲು ವರ್ಗದವರಿಗೆ ಮಾತ್ರವಲ್ಲ, ಹಳ್ಳಿಯಿಂದ ಬಂದ ಎಲ್ಲ ಮಕ್ಕಳಿಗೂ ಬೇಕು. ಮೂರನೆಯದು: ಪ್ರತಿ ಮಠದಲ್ಲಿ, ಪ್ರತಿ ಪ್ರಸಾದ ನಿಲಯದಲ್ಲಿ, ಫಲಿತಾಂಶಕ್ಕೆ ಮೊದಲೇ ಕಾಗದಪತ್ರ ನೋಡುವ ಒಂದು ಮೇಜು ಇರಲಿ.

ಆ ಮೇಜಿನ ಮುಂದೆ ಕುಳಿತ ಪಾಲಕರಿಗೆ ಹೇಳಬೇಕಾದ ಮಾತುಗಳು ಇವು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇವುಗಳಲ್ಲಿ ಮಗುವಿನ ಮತ್ತು ತಂದೆತಾಯಿಯರ ಹೆಸರು ಅಕ್ಷರಶಃ ಒಂದೇ ಇದೆಯೇ ಎಂದು ಪರೀಕ್ಷೆಗೆ ಮೊದಲೇ ನೋಡಿಕೊಳ್ಳಿ. ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ 1ರಿಂದ 10ನೇ ತರಗತಿಯವರೆಗ��� ಓದಿದವರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಪ್ರತ್ಯೇಕವಾಗಿ ಇದೆ. ಅದರ ಪ್ರಮಾಣಪತ್ರ ಪಡೆಯಲು ಮರೆಯಬೇಡಿ. ಕಲ್ಯಾಣ ಕರ್ನಾಟಕದವರು 371-ಜೆ ವಿಧಿಯಡಿಯ ಅರ್ಹತಾ ಪತ್ರವನ್ನು ಸಿದ್ಧವಾಗಿ ಇಟ್ಟುಕೊಳ್ಳಿ. ಹಿಂದುಳಿದ ವರ್ಗಗಳ ಕೇಂದ್ರದ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ಅಖಿಲ ಭಾರತ ಕೋಟಾದ ಶೇಕಡ 15ರ ಸೀಟುಗಳಿಗೆ ರಾಜ್ಯದ ಪ್ರವರ್ಗ ನಡೆಯುವುದಿಲ್ಲ. ಫಲಿತಾಂಶದಲ್ಲಿ "ಅರ್ಹ" ಎಂದಿದ್ದರೆ ಸೀಟು ಸಿಕ್ಕಿತೆಂದು ಸಾಲ ಮಾಡಬೇಡಿ. ಮೊದಲ ಸುತ್ತಿನಲ್ಲಿ ಸಿಗದಿದ್ದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಲೂ ಬೇಡಿ.

ಹಮಾಲರ ಮಗಳು ಮತ್ತೆ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಬೆಳಿಗ್ಗೆ ತಾಯಿಯೊಡನೆ ಕೆಲಸಕ್ಕೆ ಹೋಗಿ, ಮಧ್ಯಾಹ್ನದ ನಂತರ ನಮ್ಮ ವಾಚನಾಲಯದ ಮೂಲೆಯ ಮೇಜಿನಲ್ಲಿ ಕುಳಿತು ಓದುತ್ತಾಳೆ. ಅವಳ ಕಾಗದಗಳೆಲ್ಲ ಈಗ ಸರಿಯಾಗಿವೆ. ನಾವೇ ಕುಳಿತು ಒಂದೊಂದಾಗಿ ನೋಡಿದ್ದೇವೆ. ಆಯುರ್ವೇದವೇ ಏಕೆಂದು ಕೇಳಿದಾಗ, "ನಮ್ಮ ಆಯಿ ಮದ್ದು ಕೊಡ್ತಿದ್ಲ್ರೀ. ಆಕೀ ಕೂಡ ಅಡವಿಗೆ ಹೋಗ್ತಿದ್ದೆ. ಅದು ಯಾಕ ಕೆಲಸ ಮಾಡ್ತೈತಿ ಅಂತ ತಿಳಕೋಬೇಕ್ರೀ" ಎಂದಳು. ಔಷಧವು ಏಕೆ ಕೆಲಸ ಮಾಡುತ್ತದೆಂದು ತಿಳಿಯುವ ಹಂಬಲ ಇರುವವರೇ ವೈದ್ಯರಾಗಬೇಕಾದವರು. ಗೆರೆಯನ್ನು ಅವಳು ತಾನೇ ದಾಟಿ ಬರುತ್ತಾಳೆ. ಹೊಸ್ತಿಲಿನಲ್ಲಿ ಅವಳು ಎಡವದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.